ಡೈನೋ ಹಾಳೆಯ ಅಶ್ವಶಕ್ತಿ

ಡೈನಮೋಮೀಟರ್, ಅಂದರೆ ಡೈನೋ, ಎಂಜಿನ್ನಿನ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತದೆ. ನ್ಯೂಟನ್ ಮೀಟರಿನ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್ ಅಶ್ವಶಕ್ತಿ ಸಿಗುತ್ತದೆ. ಹಳೆಯ ಸ್ವಿಫ್ಟ್ ಡೀಸೆಲ್ಲಿನ 1,248 ಸಿಸಿ ಎಂಜಿನ್ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುವಾಗ ಶಕ್ತಿ ಸುಮಾರು 54 ಪಿಎಸ್ ಮಾತ್ರ. ಕಂಪನಿ ಹೇಳುವ 75 ಪಿಎಸ್ ಬರುವುದು 4,000ದಲ್ಲಿ. ಅಷ್ಟರಲ್ಲಿ ಟಾರ್ಕ್ 132ರ ಆಸುಪಾಸಿಗೆ ಇಳಿದಿರುತ್ತದೆ.

ಗ್ಯಾರೇಜುಗಳಲ್ಲಿರುವುದು ಹೆಚ್ಚಾಗಿ ಚಾಸಿ ಡೈನೋ. ಎಂಜಿನ್ ಎಳೆಯುವ ಚಕ್ರಗಳನ್ನು ರೋಲರ್ ಮೇಲೆ ಕೂರಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು, ರೇಡಿಯೇಟರಿನೆದುರು ದೊಡ್ಡ ಫ್ಯಾನ್ ಇಡುತ್ತಾರೆ. ಸಾಮಾನ್ಯವಾಗಿ ನಾಲ್ಕನೇ ಗೇರಿನಲ್ಲಿ ಆಕ್ಸಲರೇಟರನ್ನು ಪೂರ್ತಿ ಒತ್ತುತ್ತಾರೆ. ಭಾರವಾದ ರೋಲರ್ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಕೆಲವು ಯಂತ್ರಗಳು ಟಾರ್ಕ್ ತಿಳಿಯುತ್ತವೆ. ಇನ್ನು ಕೆಲವು ವಿದ್ಯುತ್ಕಾಂತೀಯ ಬ್ರೇಕಿನಿಂದ ರೋಲರನ್ನು ತಡೆದು ಆ ತಡೆಯನ್ನೇ ಅಳೆಯುತ್ತವೆ. ಗೇರ್‌ಬಾಕ್ಸ್, ಆಕ್ಸಲ್, ಟೈರುಗಳು ಒಂದಿಷ್ಟನ್ನು ನುಂಗುವುದರಿಂದ ಚಕ್ರದಲ್ಲಿ ಸಿಗುವ ಅಂಕಿ ಕಂಪನಿಯ ಅಂಕಿಗಿಂತ ಕಡಿಮೆಯೇ ಇರುತ್ತದೆ. ಅದಕ್ಕೆ ಶೇ. 15 ಸೇರಿಸಿ ‘ಎಂಜಿನ್ ಶಕ್ತಿ’ ಎನ್ನುವುದು ಬರೀ ಅಂದಾಜು.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದ ಥಾಣೆಯಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಹೋದ ಟರ್ಬೊ ಇಲ್ಲದ ಪೆಟ್ರೋಲ್ ಕಾರು ಸುಮಾರು ಹತ್ತನೆಯ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ನವಿ ಮುಂಬಯಿಯ ಜುಲೈ ತಿಂಗಳ ಗಾಳಿಯಲ್ಲಿ ನೀರಾವಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹೀಗಾಗಿ ಫಲಿತಾಂಶವನ್ನು ಒಂದು ಮಾನಕ ಸ್ಥಿತಿಗೆ ತಿದ್ದಬೇಕು. ಎಸ್‌ಎಇ ಜೆ1349 ಮಾನಕದಲ್ಲಿ ಅದು 25 ಡಿಗ್ರಿ ಉಷ್ಣತೆ, 99 ಕಿಲೋಪಾಸ್ಕಲ್ ಒಣಗಾಳಿಯ ಒತ್ತಡ. ಮೋಸಕ್ಕೆ ಎಡೆಯಿರುವುದೂ ಇಲ್ಲೇ. ತಾಪಮಾನದ ಸಂವೇದಕವನ್ನು ಬಿಸಿ ಎಂಜಿನ್ ಪಕ್ಕ ಇಟ್ಟರೆ ಸಾಕು, ಕಂಪ್ಯೂಟರ್ ತಾನಾಗಿಯೇ ಹೆಚ್ಚು ಅಶ್ವಶಕ್ತಿ ತೋರಿಸುತ್ತದೆ!

ಆದ್ದರಿಂದ ನಂಬತಕ್ಕದ್ದು ಒಂಟಿ ಅಂಕಿಯನ್ನಲ್ಲ, ಎರಡು ಅಂಕಿಗಳ ಅಂತರವನ್ನು. ಅದೂ ಡೈನೋ, ಗೇರ್, ಇಂಧನ, ಟೈರಿನ ಗಾಳಿ ಎಲ್ಲವೂ ಒಂದೇ ಇದ್ದಾಗ. ಕಾರಿನಲ್ಲಿ ಯಾವುದೇ ಬದಲಾವಣೆ ಮಾಡುವ ಮೊದಲೇ ಮೂರು ಓಟ ತೆಗೆಯಬೇಕು. ಆ ಮೂರರಲ್ಲೇ ಎರಡು ಪಿಎಸ್ ಹೆಚ್ಚುಕಡಿಮೆ ಇದ್ದರೆ, ಹೊಸ ಏರ್ ಫಿಲ್ಟರ್ ‘ಕೊಟ್ಟ’ ಎರಡು ಪಿಎಸ್‌ಗೆ ಅರ್ಥವಿಲ್ಲ. ಟರ್ಬೊ ಡೀಸೆಲ್ಲಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್‌ನ ಲಾಭ ಮಾತ್ರ ಹಾಳೆಯ ಮೇಲೆ ಎದ್ದು ಕಾಣುತ್ತದೆ. ಆಗಲೂ ನೋಡಬೇಕಾದದ್ದು ಗೆರೆಯ ತುದಿಯನ್ನಲ್ಲ, ನಡುಭಾಗವನ್ನು. ಡೊಂಬಿವಲಿಯಿಂದ ಶಿಳಫಾಟಾ ದಾಟಿ ಹೋಗುವ ಕಾರು 4,000 ಆರ್‌ಪಿಎಂ ಕಾಣುವುದೇ ಅಪರೂಪ.

ಕಾನೂನಿನ ಮಾತು ಬೇರೆ. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಥಾಣೆಯ ಎಂಎಚ್ 04 ಆಗಲಿ, ಕಲ್ಯಾಣದ ಎಂಎಚ್ 05 ಆಗಲಿ, ನವಿ ಮುಂಬಯಿಯ ಎಂಎಚ್ 43 ಆಗಲಿ, ಆರ್‌ಟಿಒ ಮುಂದೆ ಡೈನೋ ಹಾಳೆ ಅನುಮತಿ ಪತ್ರವಾಗುವುದಿಲ್ಲ.