ಟರ್ಕಿಯ ಎಲುಬು, ಮಾತ್ಸಾದ ಉಂಡೆ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆರೇಳು ಕೆ.ಜಿ. ತೂಗುವ ಟರ್ಕಿ ಕೋಳಿಯನ್ನು ಇಡಿಯಾಗಿ ಓವನ್‌ನಲ್ಲಿ ಸುಟ್ಟು, ಮೇಜಿನ ನಡುವೆ ಇಟ್ಟು ಕೊಯ್ದು ಬಡಿಸುತ್ತಾರೆ. ಎಷ್ಟು ನೆಂಟರು ಬಂದರೂ ಅದು ಒಂದೇ ಪಂಕ್ತಿಗೆ ಮುಗಿಯುವಂಥದ್ದಲ್ಲ. ಮರುದಿನ ಫ್ರಿಜ್ಜಿನ ಬಾಗಿಲು ತೆರೆದರೆ ಎದೆಗೂಡು, ರೆಕ್ಕೆ, ಎಲುಬಿಗೆ ಅಂಟಿಕೊಂಡ ಮಾಂಸ ಎಲ್ಲವೂ ಹಾಗೇ ಕೂತಿರುತ್ತವೆ. ಹೆಚ್ಚಿನವರು ಬ್ರೆಡ್ಡಿನ ನಡುವೆ ಇಟ್ಟು ತಿಂದು ಖಾಲಿ ಮಾಡುತ್ತಾರೆ. ಯಹೂದಿಗಳಿಗೆ ಮಾತ್ರ ಆ ಮರುದಿನ ಸುಮ್ಮನೆ ಒಂದು ಶುಕ್ರವಾರವಲ್ಲ. ಅಂದು ಸೂರ್ಯ ಮುಳುಗಿದೊಡನೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುರು. ಪೂರ್ವ ಯುರೋಪಿನಿಂದ ಬಂದ ಅಶ್ಕೆನಾಜಿ ಯಹೂದಿಗಳ ಮನೆಯಲ್ಲಿ ಆ ರಾತ್ರಿಗೆ ಕೋಳಿ ಸೂಪು ಇರಲೇಬೇಕೆಂಬುದು ಹಳೆಯ ರೂಢಿ. ಎಲುಬು ಹೇಗೂ ಮನೆಯಲ್ಲಿದೆ. ದೊಡ್ಡ ಪಾತ್ರೆ ಹೊರಗೆ ಬರುತ್ತದೆ.

ಈ ಸೂಪಿನ ಜೀವ ಅದರಲ್ಲಿ ತೇಲುವ ಉಂಡೆ. ಅಶ್ಕೆನಾಜಿಗಳ ಯಿಡ್ಡಿಶ್ ಭಾಷೆಯಲ್ಲಿ ಅದಕ್ಕೆ ಕ್ನೇಯ್ಡ್‌ಲ್ ಎನ್ನುತ್ತಾರೆ, ಅಮೆರಿಕನ್ನರ ಬಾಯಲ್ಲಿ ಮಾತ್ಸಾ ಬಾಲ್. ಮಾತ್ಸಾ ಎಂದರೆ ಹುಳಿ ಬಾರದ ಹಿಟ್ಟಿನ ರೊಟ್ಟಿ. ಈಜಿಪ್ಟಿನ ದಾಸ್ಯದಿಂದ ಹೊರಟ ಪೂರ್ವಿಕರಿಗೆ ಹಿಟ್ಟು ಉಬ್ಬುವಷ್ಟೂ ಪುರುಸೊತ್ತಿರಲಿಲ್ಲ ಎಂಬ ನೆನಪಿಗೆ ಪಾಸೋವರ್ ಹಬ್ಬದಲ್ಲಿ ಇದನ್ನೇ ತಿನ್ನುತ್ತಾರೆ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೆಂದು ಹೊರಬರಬೇಕೆಂಬುದು ನಿಯಮ. ನಮ್ಮ ಉತ್ತರ ಕರ್ನಾಟಕದ ಕಡಕ್ ರೊಟ್ಟಿ ನೋಡಿದವರಿಗೆ ಇದರ ಗರಿಗರಿ ಅರ್ಥವಾದೀತು. ಆದರೆ ಇದು ಗೋಧಿಯದು, ಮೈತುಂಬ ತೂತು, ಉಪ್ಪೂ ಇಲ್ಲ. ಅಂಥ ರೊಟ್ಟಿಯನ್ನು ಪುಡಿ ಮಾಡಿ, ಮೊಟ್ಟೆ ಸೇರಿಸಿ, ಉಂಡೆ ಕಟ್ಟಿ ಬೇಯಿಸಿದರೆ ಕ್ನೇಯ್ಡ್‌ಲ್. 1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಶುರುವಾದ ಮ್ಯಾನಿಶೆವಿಟ್ಜ್ ಕಂಪನಿ ಮಾತ್ಸಾ ತಯಾರಿಗೆ ಯಂತ್ರ ತಂದಿತು; ಮುಂದೆ ಪುಡಿಯೂ ಡಬ್ಬಿಯಲ್ಲಿ ಸಿಗತೊಡಗಿ ಈ ಉಂಡೆ ವರ್ಷವಿಡೀ ಮಾಡುವ ತಿನಿಸಾಯಿತು. ತಮಾಷೆಯೆಂದರೆ, ಪಾಸೋವರ್‌ನಲ್ಲೇ ಇದನ್ನು ಮುಟ್ಟದ ಯಹೂದಿಗಳೂ ಇದ್ದಾರೆ. ಕೆಲವು ಹಸೀದಿ ಪಂಥದವರು ಆ ಹಬ್ಬದಲ್ಲಿ ಮಾತ್ಸಾಗೆ ನೀರು ಸೋಕಿಸುವುದಿಲ್ಲ. ಎಲ್ಲೋ ಬೇಯದೆ ಉಳಿದ ಹಿಟ್ಟು ಹುಳಿತರೆ ಎಂಬ ಭಯ.

ಮೊದಲು ಸೂಪು. ಟರ್ಕಿಯ ಹೊಟ್ಟೆಯೊಳಗೆ ತುಂಬಿದ್ದ ಬ್ರೆಡ್ಡಿನ ಮಸಾಲೆಯನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲವಾದರೆ ಸೂಪು ಕದಡುತ್ತದೆ. ಎಲುಬನ್ನು ಮುರಿದು ಪಾತ್ರೆಗೆ ಹಾಕಿ, ಮುಳುಗುವಷ್ಟು ತಣ್ಣೀರು ಹೊಯ್ದು, ಸಿಪ್ಪೆ ಸಮೇತ ಎರಡು ಈರುಳ್ಳಿ, ಕ್ಯಾರೆಟ್, ಸೆಲರಿ, ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಬೇಕು. ಈರುಳ್ಳಿ ಸಿಪ್ಪೆ ಬಣ್ಣಕ್ಕೆ. ಕೊತಕೊತ ಕುದಿಸಿದಿರೋ, ಕೊಬ್ಬೆಲ್ಲ ನೀರಿನಲ್ಲಿ ಬೆರೆತು ಕಲಗಚ್ಚಿನಂತಾಗುತ್ತದೆ. ರೆಕ್ಕೆಯನ್ನು ಮರೆಯದೆ ಹಾಕಿ: ಸೋಸಿ ಫ್ರಿಜ್ಜಿನಲ್ಲಿಟ್ಟ ಸೂಪು ಜೆಲ್ಲಿಯಂತೆ ನಡುಗುತ್ತ ಕೂರುವುದು ರೆಕ್ಕೆ, ಕೀಲುಗಳ ಅಂಟಿನಿಂದಲೇ. ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚೆಲ್ಲಬಾರದು. ಉಂಡೆಗೆ ಬೇಕಾದದ್ದು ಅದೇ.

ಕೊಬ್ಬಿನದು ದೊಡ್ಡ ಕಥೆ. ಯಹೂದಿ ಆಹಾರನಿಯಮದಂತೆ ಹಂದಿ ನಿಷಿದ್ಧ. ಮಾಂಸದೊಂದಿಗೆ ಹಾಲು, ಬೆಣ್ಣೆ ಬೆರೆಸುವಂತಿಲ್ಲ. ಪೋಲೆಂಡ್, ಲಿಥುವೇನಿಯಾದ ಚಳಿಯಲ್ಲಿ ಆಲಿವ್ ಎಣ್ಣೆ ಎಲ್ಲಿಂದ ಬರಬೇಕು? ಹಾಗಾಗಿ ಕೋಳಿ, ಹೆಬ್ಬಾತುಗಳ ಕೊಬ್ಬನ್ನೇ ಈರುಳ್ಳಿಯೊಂದಿಗೆ ಕಾಯಿಸಿ ಸೋಸಿ ತುಪ್ಪದಂತೆ ಡಬ್ಬಿಯಲ್ಲಿಟ್ಟರು. ಅದು ಶ್ಮಾಲ್ಟ್ಸ್. (ನಿಯಮ ಪಾಲಿಸುವವರ ಮನೆಯ ಟರ್ಕಿಗೆ ಹಬ್ಬದ ದಿನವೂ ಬೆಣ್ಣೆ ಸವರಿರುವುದಿಲ್ಲ ಎಂಬುದು ಇದರಿಂದಲೇ ತಿಳಿಯಿತಲ್ಲ.) ಉಂಡೆಗೆ ಎಣ್ಣೆ ಹಾಕುವವರು ಈಗ ಬಹಳ ಮಂದಿ. ತಪ್ಪೇನಿಲ್ಲ, ರುಚಿ ಮಾತ್ರ ಅರ್ಧ.

ಒಂದು ಕಪ್ ಮಾತ್ಸಾ ಪುಡಿ, ನಾಲ್ಕು ಮೊಟ್ಟೆ, ಕಾಲು ಕಪ್ ಕೊಬ್ಬು, ಕಾಲು ಕಪ್ ಸೂಪು, ಉಪ್ಪು, ಮೆಣಸು, ಹೆಚ್ಚಿದ ಸಬ್ಬಸಿಗೆ. ಕಲಸಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿ ತೇವ ಹೀರಿ ಬಿಗಿಯುತ್ತದೆ. ಕೈ ಒದ್ದೆ ಮಾಡಿಕೊಂಡು, ಹಿಸುಕದೆ, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಮಾಡಿ ಕುದಿಯುವ ಉಪ್ಪುನೀರಿಗೆ ಬಿಡಬೇಕು. ಬೆಂದಾಗ ಇಮ್ಮಡಿಯಾಗುತ್ತದೆ. ಮುಚ್ಚಳ ಹಾಕಿದ ಮೇಲೆ ಅರ್ಧ ಗಂಟೆ ತೆಗೆಯುವಂತಿಲ್ಲ. ಇಡ್ಲಿ ಬೇಯಿಸುವವರಿಗೆ ಈ ಸಂಯಮ ಹೊಸದಲ್ಲ. ಉಂಡೆ ಹತ್ತಿಯಂತೆ ತೇಲಬೇಕೋ, ಗುಂಡಿನಂತೆ ಮುಳುಗಬೇಕೋ ಎಂಬುದು ಮನೆಮನೆಯ ಜಗಳ. ತೇಲುವ ಪಕ್ಷದವರು ಸೂಪಿನ ಬದಲು ಸೋಡಾ ನೀರು ಹಾಕುತ್ತಾರೆ. ನನ್ನ ಮತ ತೇಲುವುದಕ್ಕೇ, ಆದರೆ ಚಮಚ ಇಳಿಸಿದಾಗ ಸ್ವಲ್ಪ ಬಿಗುವಿರಬೇಕು.

ಈ ಸೂಪಿಗೆ ‘ಯಹೂದಿ ಪೆನಿಸಿಲಿನ್’ ಎಂಬ ಅಡ್ಡಹೆಸರಿದೆ. 12ನೇ ಶತಮಾನದ ವೈದ್ಯ, ತತ್ತ್ವಜ್ಞಾನಿ ಮೈಮೊನಿಡಿಸ್ ರೋಗಿಗಳಿಗೆ ಕೋಳಿ ಸಾರು ಹೇಳಿದ್ದವನು. 2000ದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಟೀಫನ್ ರೆನಾರ್ಡ್ ತನ್ನ ಹೆಂಡತಿಯ ಅಜ್ಜಿಯ ಸೂಪನ್ನು ಪ್ರಯೋಗಾಲಯಕ್ಕೆ ಒಯ್ದು, ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟವನ್ನು ಅದು ತಗ್ಗಿಸುತ್ತದೆಂದು ತೋರಿಸಿದರು. ಪ್ರಯೋಗ ನಡೆದದ್ದು ಗಾಜಿನ ಪಾತ್ರೆಯಲ್ಲಿ, ನೆಗಡಿಯಾದವರ ಮೂಗಿನಲ್ಲಲ್ಲ.

ಇನ್ನು ಟರ್ಕಿ. ಅಮೆರಿಕ ಖಂಡದ ಈ ಹಕ್ಕಿಗೆ ಹೀಬ್ರೂ ಭಾಷೆಯಲ್ಲಿ ‘ತರ್ನೆಗೋಲ್ ಹೋದು’ ಎನ್ನುತ್ತಾರೆ, ಅಂದರೆ ಭಾರತದ ಹುಂಜ! ಹೊಸ ನೆಲವನ್ನು ಇಂಡಿಯಾ ಎಂದುಕೊಂಡ ಯುರೋಪಿನ ಗೊಂದಲ ಫ್ರೆಂಚರ, ತುರ್ಕರ ಹೆಸರುಗಳಲ್ಲೂ ಹೀಗೇ ಉಳಿದಿದೆ. ಹೀಬ್ರೂವಿನ ಸೊಗಸು ಬೇರೆ: ‘ಹೋದು’ ಎಂದರೆ ಭಾರತವೂ ಹೌದು, ‘ಕೃತಜ್ಞತೆ ಸಲ್ಲಿಸಿರಿ’ ಎಂದೂ ಹೌದು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಇದಕ್ಕಿಂತ ಒಪ್ಪುವ ಹಕ್ಕಿ ಸಿಕ್ಕೀತೆ? 2013ರಲ್ಲಿ ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ದಿನವೇ ಯಹೂದಿಗಳ ಹನುಕ್ಕಾ ಹಬ್ಬದ ಮೊದಲ ದಿನವೂ ಆಗಿತ್ತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಕಾಗುಣಿತ ಸ್ಪರ್ಧೆಯನ್ನು ನ್ಯೂಯಾರ್ಕಿನ 13 ವರ್ಷದ ಭಾರತ ಮೂಲದ ಹುಡುಗ ಗೆದ್ದ. ಅವನಿಗೆ ಬಿದ್ದ ಕೊನೆಯ ಪದ ‘ಕ್ನೇಯ್ಡ್‌ಲ್’. ಆ ಕಾಗುಣಿತವೇ ಸರಿಯಲ್ಲವೆಂದು ಯಿಡ್ಡಿಶ್ ಪಂಡಿತರು ತಕರಾರೆತ್ತಿದರು. ಉಂಡೆ ವಿಷಯದಲ್ಲಿ ಜಗಳವಿಲ್ಲದೆ ಯಾವುದೂ ಮುಗಿಯುವುದಿಲ್ಲ.

ಬಡಿಸುವಾಗ ಬಟ್ಟಲಿಗೆ ಎರಡು ಉಂಡೆ, ಬಿಡಿಸಿಟ್ಟ ಟರ್ಕಿಯ ಚೂರು, ಮೇಲೆ ಬಿಸಿ ಸೂಪು. ಉಳಿದರೆ ಉಂಡೆಯನ್ನೂ ಸೂಪನ್ನೂ ಬೇರೆ ಬೇರೆ ಪಾತ್ರೆಯಲ್ಲಿಡಿ. ಒಟ್ಟಿಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಉಂಡೆಗಳೇ ಸೂಪನ್ನೆಲ್ಲ ಕುಡಿದಿರುತ್ತವೆ.