ಓದುವುದೂ ಒಂದು ಪ್ರಯೋಗ

ಸರಳ ಲೋಲಕವನ್ನು ತೂಗುಬಿಟ್ಟು ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಯು ಒಂದೇ ಸಲ ಅಳೆದು ಸುಮ್ಮನಾಗುವುದಿಲ್ಲ. ಐದಾರು ಸಲ ಅಳೆದು ಸರಾಸರಿಯನ್ನು ತೆಗೆಯುತ್ತಾನೆ. ಬಂದ ಉತ್ತರಗಳಲ್ಲಿ ಪಠ್ಯಪುಸ್ತಕದ ಬೆಲೆಗೆ ಹತ್ತಿರವಾದುವನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಹೊಡೆದುಹಾಕಿದರೆ ಅಧ್ಯಾಪಕರಾದ ನಾವು ಅದನ್ನು ಒಪ್ಪುವುದಿಲ್ಲ. ಆದರೆ ಅದೇ ವಿದ್ಯಾರ್ಥಿಯು ಮುಂದೆ ಸಂಶೋಧನೆಗೆ ತೊಡಗಿ, ತನ್ನ ವಿಷಯದಲ್ಲಿ ಹಿಂದಿನವರು ಕಂಡುಕೊಂಡುದೇನೆಂಬುದನ್ನು ಬರೆಯುವಾಗ, ಕೈಗೆ ಸಿಕ್ಕಿದ ನಾಲ್ಕು ಪ್ರಬಂಧಗಳನ್ನು ಓದಿ, ತನಗೆ ಒಪ್ಪುವ ಮೂರನ್ನು ಮಾತ್ರ ಹೆಸರಿಸಿದರೆ? ಬಹುಕಾಲ ಇದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಅಳತೆಯಲ್ಲಿ ಸಲ್ಲದ ನಡತೆ ಓದಿನಲ್ಲಿ ಹೇಗೆ ಸಂದೀತು?

ಈ ಪ್ರಶ್ನೆಗೆ ವಿಜ್ಞಾನಿಗಳು ಕೊಟ್ಟ ಉತ್ತರವೇ ಕ್ರಮಬದ್ಧ ಸಾಹಿತ್ಯ ಸಮೀಕ್ಷೆ. ಇಲ್ಲಿ ಸಾಹಿತ್ಯವೆಂದರೆ ಕಥೆ ಕಾವ್ಯಗಳಲ್ಲ. ಒಂದು ಪ್ರಶ್ನೆಯನ್ನು ಕುರಿತು ನಡೆದ ಸಂಶೋಧನೆಗಳ ವರದಿಗಳ ಸಮೂಹ. ಆ ವರದಿಗಳನ್ನೆಲ್ಲ ಮೊದಲೇ ಗೊತ್ತುಪಡಿಸಿದ ನಿಯಮಗಳಂತೆ ಹುಡುಕಿ, ಸೋಸಿ, ತೂಗಿ, ಒಂದು ತೀರ್ಮಾನಕ್ಕೆ ಬರುವುದೇ ಈ ಸಮೀಕ್ಷೆ. ಇದು ವಿದ್ವಾಂಸರ ಒಣ ಶಿಸ್ತೆಂದು ಯಾರಾದರೂ ಭಾವಿಸಿದರೆ, ಎಳೆಯ ಶಿಶುಗಳ ಉಸಿರಿಗೆ ಸಂಬಂಧಿಸಿದ ಈ ಮುಂದಿನ ವೃತ್ತಾಂತವನ್ನು ಅವರು ಗಮನಿಸಬೇಕು.

ಹನಿಹನಿಗೂಡಿದ ಸಾಕ್ಷ್ಯ

ಸೋಪಿನ ಗುಳ್ಳೆ ಚಿಕ್ಕದಾದಷ್ಟೂ ಅದರ ಒಳಗಿನ ಒತ್ತಡ ಹೆಚ್ಚು ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಇದಕ್ಕೆ ಕಾರಣ ದ್ರವದ ಮೇಲ್ಮೈ ಎಳೆತ. ನಮ್ಮ ಶ್ವಾಸಕೋಶದಲ್ಲಿರುವ ಕೋಟ್ಯಂತರ ಗಾಳಿಚೀಲಗಳೂ ಒಳಗೆ ತೇವವುಳ್ಳ ಪುಟ್ಟ ಗುಳ್ಳೆಗಳೇ. ಅವು ಕುಸಿಯದಂತೆ, ಮೇಲ್ಮೈ ಎಳೆತವನ್ನು ತಗ್ಗಿಸುವ ಒಂದು ದ್ರವ್ಯವನ್ನು ಶ್ವಾಸಕೋಶವೇ ಸ್ರವಿಸುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿನಲ್ಲಿ ಈ ದ್ರವ್ಯ ಸಾಕಷ್ಟು ಇರುವುದಿಲ್ಲ. ಆದುದರಿಂದ ಪ್ರತಿಯೊಂದು ಉಸಿರೂ ಅದಕ್ಕೆ ಸೆಣಸಾಟವಾಗುತ್ತದೆ.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಲಿಗಿನ್ಸ್ ಎಂಬ ವೈದ್ಯರು, ಹುಟ್ಟುವ ಮೊದಲು ಸ್ಟೀರಾಯ್ಡ್ ಔಷಧವನ್ನು ಪಡೆದ ಕುರಿಮರಿಗಳು ಅಕಾಲದಲ್ಲಿ ಹುಟ್ಟಿಯೂ ನಿರೀಕ್ಷೆಗೆ ಮೀರಿ ಉಸಿರಾಡುವುದನ್ನು ಕಂಡರು. ಬಳಿಕ ಅವರೂ ಅವರ ಸಹೋದ್ಯೋಗಿ ಹೌವಿಯವರೂ ಸೇರಿ ೨೮೨ ಮಂದಿ ಗರ್ಭಿಣಿಯರಲ್ಲಿ ಪರೀಕ್ಷೆ ನಡೆಸಿ, ೧೯೭೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಪಡೆಯದ ತಾಯಂದಿರ ಶಿಶುಗಳಲ್ಲಿ ಮೊದಲ ದಿನಗಳಲ್ಲಿಯೇ ತೀರಿಕೊಂಡುವು ನೂರಕ್ಕೆ ೧೫; ಪಡೆದವರಲ್ಲಿ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು.

ಇಷ್ಟು ಸ್ಪಷ್ಟವಾದ ಫಲಿತಾಂಶ ಬಂದ ಮೇಲೂ ವೈದ್ಯಲೋಕ ಸಂದೇಹವನ್ನು ಬಿಡಲಿಲ್ಲ. ಮುಂದೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಹಲವು ಚಿಕ್ಕವಾಗಿದ್ದುವು. ಅವುಗಳಲ್ಲಿ ಕೆಲವು ಗುಣವಿದೆಯೆಂದವು. ಕೆಲವು ಖಚಿತವಾಗಿ ಏನನ್ನೂ ಹೇಳಲಾರದೆ ಹೋದವು. ಎರಡು ಪರೀಕ್ಷೆಗಳು ಹೌದೆಂದು, ಐದು ಪರೀಕ್ಷೆಗಳು ತಿಳಿಯದೆಂದು ಹೇಳಿದರೆ ಓದುಗನು ಯಾವುದನ್ನು ನಂಬಬೇಕು? ಬಹುಮತವನ್ನು ಎಣಿಸಿದರೆ ಔಷಧ ಸೋಲುತ್ತದೆ.

ಆದರೆ ನಿಸರ್ಗದ ಸತ್ಯವನ್ನು ಮತ ಎಣಿಸಿ ನಿರ್ಣಯಿಸಲಾಗದು. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಒಂದೇ ಮುಖ ಏಳು ಸಲ ಮೇಲೆ ಬಿದ್ದರೆ ನಾವು ಬೆರಗಾಗುವುದಿಲ್ಲ. ಸಾವಿರ ಸಲ ಚಿಮ್ಮಿದಾಗ ಅದೇ ಮುಖ ಏಳುನೂರು ಸಲ ಬಿದ್ದರೆ ನಾಣ್ಯವನ್ನೇ ಸಂದೇಹಿಸುತ್ತೇವೆ. ಅಳತೆಗಳ ಸಂಖ್ಯೆ ನಾಲ್ಕು ಪಟ್ಟಾದರೆ ಸರಾಸರಿಯ ಅನಿಶ್ಚಿತತೆ ಅರ್ಧಕ್ಕೆ ಇಳಿಯುವುದೆಂಬುದು ಗಣಿತದ ನಿಯಮ. ಚಿಕ್ಕ ಪರೀಕ್ಷೆಯೊಂದು 'ಗುಣ ಕಾಣಲಿಲ್ಲ' ಎಂದರೆ ಗುಣವೇ ಇಲ್ಲವೆಂದು ಅರ್ಥವಲ್ಲ. ಅದನ್ನು ಕಾಣುವಷ್ಟು ಸೂಕ್ಷ್ಮತೆ ಆ ಪರೀಕ್ಷೆಗೆ ಇರಲಿಲ್ಲವೆಂದಷ್ಟೇ ಆಗಿರಬಹುದು.

೧೯೮೦ರ ದಶಕದ ಕೊನೆಯಲ್ಲಿ ಪೆಟ್ರೀಷಿಯಾ ಕ್ರೌಲಿ ಎಂಬ ವೈದ್ಯೆಯು ಈ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರು. ಹನಿಹನಿಗೂಡಿ ಹಳ್ಳವಾದಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ: ಔಷಧವು ಶಿಶುಗಳನ್ನು ಉಳಿಸುತ್ತಿತ್ತು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆ ಇದರ ವ್ಯಾಪಕ ಬಳಕೆಗೆ ಸಲಹೆಯಿತ್ತುದು ೧೯೯೪ರಲ್ಲಿ. ಮೊದಲ ವರದಿಯಿಂದ ಅಲ್ಲಿಗೆ ೨೨ ವರ್ಷಗಳು! ಈ ನಡುವೆ ತೀರಿಹೋದ ಶಿಶುಗಳಲ್ಲಿ ಎಷ್ಟೋ ಶಿಶುಗಳನ್ನು ಉಳಿಸಬಲ್ಲ ಜ್ಞಾನವು ಗ್ರಂಥಾಲಯಗಳ ಕಪಾಟುಗಳಲ್ಲಿ ಚದುರಿ ಬಿದ್ದಿತ್ತು. ತನ್ನ ವೃತ್ತಿಯವರು ಎಲ್ಲ ಪರೀಕ್ಷೆಗಳನ್ನೂ ಕಾಲಕಾಲಕ್ಕೆ ಕ್ರೋಡೀಕರಿಸುತ್ತಿಲ್ಲವೆಂದು ೧೯೭೯ರಲ್ಲಿಯೇ ಆಕ್ಷೇಪಿಸಿದ್ದವರು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್. ಅವರ ಹೆಸರಿನಲ್ಲಿ ೧೯೯೩ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಯು ಈ ಔಷಧದ ಏಳು ಪರೀಕ್ಷೆಗಳ ರೇಖಾಚಿತ್ರವನ್ನೇ ತನ್ನ ಲಾಂಛನವಾಗಿ ಮಾಡಿಕೊಂಡಿತು.

ಸಮೀಕ್ಷೆಯ ಕ್ರಮ

ಹಾಗಾದರೆ ಇಂತಹ ಸಮೀಕ್ಷೆಯನ್ನು ಮಾಡುವ ಬಗೆ ಹೇಗೆ? ಮೊದಲು ಪ್ರಶ್ನೆ ಖಚಿತವಾಗಿರಬೇಕು. 'ಸ್ಟೀರಾಯ್ಡ್ ಒಳ್ಳೆಯದೇ?' ಎಂಬುದು ಪ್ರಶ್ನೆಯಲ್ಲ. ಯಾರಿಗೆ, ಯಾವಾಗ ಕೊಟ್ಟರೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ ಎಂಬ ನಾಲ್ಕೂ ಅದರಲ್ಲಿರಬೇಕು. ಎರಡನೆಯದಾಗಿ, ಎಲ್ಲಿ ಹುಡುಕುವೆವು, ಎಂತಹ ವರದಿಗಳನ್ನು ಸೇರಿಸಿಕೊಳ್ಳುವೆವು, ಎಂತಹವನ್ನು ಬಿಡುವೆವು ಎಂಬ ಯೋಜನೆಯನ್ನು ಹುಡುಕಾಟಕ್ಕೆ ಮೊದಲೇ ಬರೆದಿಡಬೇಕು. ಉತ್ತರವನ್ನು ಕಂಡ ಮೇಲೆ ನಿಯಮ ಮಾಡುವುದು ಬಾಣ ನೆಟ್ಟಲ್ಲಿ ಗುರಿಯ ವೃತ್ತವನ್ನು ಬರೆದಂತೆ.

ಮೂರನೆಯದು ಹುಡುಕಾಟ. ಇಲ್ಲಿ ಒಂದು ಮೋಸವಿದೆ. ಗುಣ ಕಂಡ ಪ್ರಯೋಗ ಬೇಗ ಅಚ್ಚಾಗುತ್ತದೆ. ಗುಣ ಕಾಣದ ಪ್ರಯೋಗ ಎಷ್ಟೋ ಸಲ ಸಂಶೋಧಕನ ಮೇಜಿನ ಸೆಳೆಖಾನೆಯಲ್ಲಿಯೇ ಉಳಿಯುತ್ತದೆ. ಅಚ್ಚಾದುದನ್ನಷ್ಟೇ ಕೂಡಿಸಿದರೆ ಸರಾಸರಿ ಒಂದು ಕಡೆಗೆ ವಾಲುತ್ತದೆ. ಆದುದರಿಂದ ಅಚ್ಚಾಗದ ವರದಿಗಳನ್ನೂ ಬೇರೆ ಭಾಷೆಗಳ ವರದಿಗಳನ್ನೂ ಅರಸಬೇಕು. ಬಳಿಕ ಇಬ್ಬರು ಓದುಗರು ಒಬ್ಬರನ್ನೊಬ್ಬರು ಕೇಳದೆ ಪ್ರತಿಯೊಂದು ವರದಿಯನ್ನೂ ಪರಿಶೀಲಿಸಬೇಕು. ಸಿಕ್ಕಿದವು ಎಷ್ಟು, ಬಿಟ್ಟವು ಎಷ್ಟು, ಏಕೆ ಬಿಟ್ಟೆವು ಎಂಬ ಲೆಕ್ಕವನ್ನು ಒಪ್ಪಿಸಬೇಕು. ಬೇರೊಬ್ಬರು ಅದೇ ದಾರಿಯಲ್ಲಿ ನಡೆದರೆ ಅದೇ ಊರು ಸೇರುವಂತಿರಬೇಕು.

ಕೊನೆಯದು ಗುಣಪರೀಕ್ಷೆ. ಕೂಡಿಸುವುದರಿಂದ ಆಕಸ್ಮಿಕ ದೋಷ ಕುಗ್ಗೀತೇ ಹೊರತು ಎಲ್ಲ ಅಳತೆಗಳಲ್ಲಿಯೂ ಒಂದೇ ದಿಕ್ಕಿಗೆ ಎಳೆಯುವ ದೋಷ ಕುಗ್ಗದು. ಎಣ್ಣೆಹನಿಯ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ನರು ಗಾಳಿಯ ಸ್ನಿಗ್ಧತೆಗೆ ಬಳಸಿದ ಬೆಲೆ ತುಸು ತಪ್ಪಾಗಿತ್ತು. ಅವರು ಎಷ್ಟು ಹನಿಗಳನ್ನು ಅಳೆದರೂ ೧೯೧೩ರ ಅವರ ಉತ್ತರ ಇಂದಿನ ಬೆಲೆಗಿಂತ ನೂರಕ್ಕೆ ೦.೬ರಷ್ಟು ಕಡಮೆಯಾಗಿಯೇ ಉಳಿಯಿತು. ಕೆಟ್ಟ ಪ್ರಯೋಗಗಳನ್ನು ನೂರು ಕೂಡಿಸಿದರೂ ಒಳ್ಳೆಯದೊಂದು ಆಗದು.

ಮುಗಿಯದ ಓದು

ಒಮ್ಮೆ ಸಮೀಕ್ಷೆ ಮಾಡಿದರೆ ಮಾತು ಮುಗಿಯಿತೆನ್ನಬಹುದೇ? ಇಲ್ಲ. ಮೇಲೆ ಹೇಳಿದ ಪರೀಕ್ಷೆಗಳು ಬಹುಮಟ್ಟಿಗೆ ಸಿರಿವಂತ ದೇಶಗಳ ಆಸ್ಪತ್ರೆಗಳಲ್ಲಿ ನಡೆದುವು. ಅದೇ ಔಷಧವನ್ನು ಹಳ್ಳಿಗಳ ಮಟ್ಟಕ್ಕೆ ಒಯ್ದರೆ ಏನಾದೀತೆಂದು ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಅನುಸರಿಸಿ ನೋಡಲಾಯಿತು. ನಮ್ಮ ಬೆಳಗಾವಿಯೂ ಅದರ ಒಂದು ಕೇಂದ್ರವಾಗಿತ್ತು. ೨೦೧೫ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ತೂಕ ಬಹಳ ಕಡಮೆಯಿದ್ದ ಶಿಶುಗಳ ಸಾವು ಇಳಿಯಲಿಲ್ಲ, ಒಟ್ಟು ಶಿಶುಗಳಲ್ಲಿ ಸಾವು ತುಸು ಹೆಚ್ಚೇ ಆಯಿತು. ಗರ್ಭದ ವಾರಗಳ ನಿಖರವಾದ ಲೆಕ್ಕ ದೊರೆಯದ ಕಡೆಗಳಲ್ಲಿ, ತಿಂಗಳು ತುಂಬಿ ಹೆರುವ ತಾಯಂದಿರಿಗೂ ಔಷಧ ಸಂದಿತ್ತು. ಹಾಗಾದರೆ ಹಿಂದಿನ ಸಮೀಕ್ಷೆ ಸುಳ್ಳೇ? ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡಿನಿಂದ ವಾರಗಳನ್ನು ಸರಿಯಾಗಿ ತಿಳಿದು, ಶಿಶುವಿನ ಆರೈಕೆಗೆ ಅನುಕೂಲವಿರುವಲ್ಲಿ ಮತ್ತೆ ಪರೀಕ್ಷಿಸಲಾಯಿತು. ೨೦೨೦ರಲ್ಲಿ ಬಂದ ಉತ್ತರದಂತೆ ಸಾವು ನೂರಕ್ಕೆ ೨೩.೫ರಿಂದ ೧೯.೬ಕ್ಕೆ ಇಳಿದಿತ್ತು. ಔಷಧ ಬದಲಾಗಿರಲಿಲ್ಲ, 'ಯಾರಿಗೆ, ಎಲ್ಲಿ' ಎಂಬುದಕ್ಕೆ ಉತ್ತರ ಇನ್ನಷ್ಟು ಖಚಿತವಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಅಚ್ಚಿನಲ್ಲಿ ಕಂಡುದಕ್ಕಂತೂ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮುಂದೊಂದು ದಿನ ನಮ್ಮ ವಿದ್ಯಾರ್ಥಿಗಳು ಸಣ್ಣದೊಂದು ಪ್ರಬಂಧವನ್ನು ಬರೆಯಲು ಕುಳಿತಾಗ, 'ಹಿಂದಿನವರು ಹೀಗೆ ಹೇಳಿದ್ದಾರೆ' ಎಂಬ ಮೊದಲ ವಾಕ್ಯಕ್ಕೆ ಮೊದಲು, ಹಿಂದಿನವರೆಲ್ಲರನ್ನೂ ಕೇಳಿದೆವೇ ಎಂದು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲಿ.