ಸೈಕಲ್ಲೇರಿ ಕೊಲ್ಲೂರಿಗೆ

ಎರಡು ದಿನ ಬಿಡುವಿದ್ದರೆ ಬ್ರಹ್ಮಾವರದಿಂದ ಸೈಕಲ್ಲೇರಿ ಹೊರಡಿರಿ. ಮಳೆಗಾಲ ಮಾತ್ರ ಬೇಡ. ಮೊದಲು ಸಮೀಪದ ಬಾರಕೂರು. ಆಳುಪರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಹಳೆಯ ದೇಗುಲಗಳೊಡನೆ ಕತ್ತಲೆ ಬಸದಿಯೂ ಇದೆ. ರಾತ್ರಿ ಕುಂದಾಪುರದಲ್ಲಿ ತಂಗಿ, ನಸುಕಿನಲ್ಲೇ ಉತ್ತರಕ್ಕೆ ನಡೆಯಿರಿ. ಹೆದ್ದಾರಿಯಲ್ಲಿ ವಾಹನಗಳ ಭರಾಟೆ ಹೆಚ್ಚು, ಅಂಚು ಬಿಡಬೇಡಿರಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಬೈಂದೂರಿನಲ್ಲಿ ಬಲಕ್ಕೆ ಹೊರಳಿದರೆ ಕೊಲ್ಲೂರಿಗೆ ಸುಮಾರು 28 ಕಿಲೋಮೀಟರು ಕಾಡುದಾರಿ. ಏರಿನಲ್ಲಿ ಇಳಿದು ತಳ್ಳುವುದಕ್ಕೆ ನಾಚಿಕೆ ಬೇಡ. ಅಪಾಯವಿರುವುದು ಇಳಿಜಾರಿನಲ್ಲಿ, ಆದುದರಿಂದ ಬ್ರೇಕನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಿರಿ. ಕತ್ತಲಾಗುವ ಮೊದಲೇ ಮೂಕಾಂಬಿಕೆಯ ಸನ್ನಿಧಿ ಸೇರಿರಿ. ಕೊಡಚಾದ್ರಿಯ ತಪ್ಪಲಿನಲ್ಲಿ ಕಾಲು ತೊಳೆಯುವಾಗ ನೆನೆಯಿರಿ: ಬೆಳಿಗ್ಗೆ ಕಡಲ ಮಗ್ಗುಲಲ್ಲಿ ಕಂಡ ಸೌಪರ್ಣಿಕೆಯೇ ಇದು.